ಎರಡನೆಯ ಶಬ್ದ

ಸೋಮವಾರ, 11 ಜುಲೈ 2011
ಠಾಣೆ ಸ್ಟೇಷನ್ನಿನಲ್ಲಿ ಎಂದಿನಂತೆ ಗಾಡಿ ಬದಲಿಸಿ ಪನ್ವೇಲ್ ಲೋಕಲ್ ಹತ್ತಿದೆ. ಸೀಟು ಸಿಕ್ಕಿತು. ಆಫೀಸಿನ ಪತ್ರ ಓದುತ್ತಿದ್ದೆ — ಬಲಗಣ್ಣಿಗೆ ಮೇಲಿನಿಂದ ಕಪ್ಪು ಪರದೆ ಇಳಿಯಿತು. ಐದು ನಿಮಿಷ. ಮತ್ತೆ ಎಲ್ಲ ಸರಿ. ತಿಂಗಳಲ್ಲಿ ಇದು ಎರಡನೆಯ ಸಲ. ಉಮಾವತಿಗೆ ಹೇಳಿಲ್ಲ. ಹೆಂಡತಿಗೆ ಹೇಳಿದರೆ ಊರಿಗೆಲ್ಲ ಫೋನು ಹೋಗುತ್ತದೆ.

ಗುರುವಾರ, 14 ಜುಲೈ
ಠಾಣೆಯ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಚೀಟಿಯಲ್ಲಿ ಬರೆದರು — ಅಮರೋಸಿಸ್ ಫ್ಯೂಗಾಕ್ಸ್. ಕುತ್ತಿಗೆಯ ಸ್ಕ್ಯಾನ್ ಇವತ್ತೇ ಮಾಡಿಸಿ, ಅರ್ಥ ಆಯಿತಲ್ಲ, ಎಂದರು. ತಲೆ ಆಡಿಸಿದೆ. ನಾನು ದುಡಿಯುವ ಕಳಂಬೋಲಿಯ ಸ್ಟೀಲ್ ಮಾರ್ಕೆಟ್ ಮೂವತ್ತು ವರ್ಷದಿಂದ ನನ್ನ ಹತ್ತಿರ ಇಂಗ್ಲಿಷ್ ಅರ್ಥ ಕೇಳುತ್ತಿದೆ, ನಾನು ಕೇಳುವುದೆ? ಡೊಂಬಿವಲಿಯ ಮನೆಗೆ ಬಂದವನೇ ಡಿಕ್ಷನರಿ ತೆರೆದೆ. ಅಮರೋಸಿಸ್ ಎಂದರೆ ಕುರುಡುತನ. ಎರಡನೆಯ ಶಬ್ದ ಅದರಲ್ಲಿ ಇರಲಿಲ್ಲ. ಮೊದಲನೆಯದೇ ಸಾಕಾಯಿತು. ಕುರುಡಾಗುವುದು ಖಂಡಿತ ಎಂದಮೇಲೆ ಕುತ್ತಿಗೆಗೆ ಯಾಕೆ ಸ್ಕ್ಯಾನ್?... ಹೆದರಿಕೆ ಆಗುತ್ತಿದೆ.

ಮಂಗಳವಾರ, 19 ಜುಲೈ
ಐದು ದಿನದಿಂದ ಕಣ್ಣು ಮುಚ್ಚಿ ನಡೆದು ಅಭ್ಯಾಸ. ಪಡಸಾಲೆಯಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ. ಇವತ್ತು ಬೆಳಿಗ್ಗೆ ಒಂಬತ್ತನೆಯ ಹೆಜ್ಜೆಗೆ ಉಮಾವತಿಗೆ ಡಿಕ್ಕಿ. ನೀರುದೋಸೆಯ ಹಿಟ್ಟೆಲ್ಲ ನನ್ನ ಬನಿಯನ್ ಮೇಲೆ.
"ಎಂತ ಮಾರಾಯ್ರೆ, ಕಣ್ಣು ಮುಚ್ಚಿ ನಡೆಯುವುದು?"
ಹೇಳಲೇಬೇಕಾಯಿತು. ಬೈಯುತ್ತಾಳೆ ಎಂದುಕೊಂಡಿದ್ದೆ. ಸೀರೆ ಬದಲಿಸಿ ಬಂದಳು.
"ಚೀಟಿ ತಕ್ಕೊಳ್ಳಿ. ನಡೀರಿ."
ಏಳನೆಯ ಕ್ಲಾಸಿನವರೆಗೆ ಓದಿದವಳು. ಡಾಕ್ಟರ ಮುಂದೆ ಚೀಟಿ ಇಟ್ಟಳು. "ಡಾಕ್ಟರ್‌ಸಾಬ್, ಯೇ ಕ್ಯಾ ಲಿಖಾ ಹೈ? ಬರಾಬರ್ ಸಮ್‌ಝಾಕೆ ಬೋಲೋ."
ಏನು ಬರೆದದ್ದು, ಸರಿಯಾಗಿ ಬಿಡಿಸಿ ಹೇಳಿ ಎಂದು ಇವಳು ಕೇಳಿದ್ದಕ್ಕೆ ನಾಚಿ ನಾನು ಗೋಡೆ ನೋಡಿದೆ. ಡಾಕ್ಟರು ಬೇಸರಿಸದೆ ಹೇಳಿದರು. ಫ್ಯೂಗಾಕ್ಸ್ ಎಂದರೆ ಬಂದಷ್ಟೇ ಬೇಗ ಹೋಗುವುದು. ಕುತ್ತಿಗೆಯ ರಕ್ತನಾಳ ಕಟ್ಟಿಕೊಂಡು ಕಣ್ಣು ಹೀಗೆ ಕತ್ತಲಾದರೆ ಈ ಹೆಸರು ಬರೆಯುತ್ತಾರೆ. ಕಣ್ಣು ಚೆನ್ನಾಗಿಯೇ ಇದೆ. ಬಿಟ್ಟರೆ ಲಕ್ವಾ ಹೊಡೆಯಬಹುದು, ಜೀವವೂ ಹೋಗಬಹುದು. ಐದು ದಿನ ಏನು ಮಾಡುತ್ತಿದ್ದಿರಿ ಎಂದರು.
ಹೆಜ್ಜೆ ಎಣಿಸುತ್ತಿದ್ದೆ ಎನ್ನಲಿಲ್ಲ.
ಸಂಜೆಯೇ ಸ್ಕ್ಯಾನ್. ಎಂಬತ್ತು ಪರ್ಸೆಂಟ್ ಬ್ಲಾಕ್.

ಶನಿವಾರ, 6 ಆಗಸ್ಟ್
ಕುತ್ತಿಗೆಯ ಆಪರೇಶನ್ ಆಗಿ ಎರಡು ವಾರ. ಎದುರು ಬಿಲ್ಡಿಂಗಿನ ಹಗ್ಗದಲ್ಲಿ ಒಣಗುವ ಶರ್ಟಿನ ಗುಂಡಿ ಕೂಡ ಕಾಣುತ್ತದೆ. ಎಷ್ಟು ಸಂತೋಷ... ಡಾಕ್ಟರಿಗೆ ಪೇಡೆ ಕೊಟ್ಟಾಯಿತು. ದೇವರಿಗೆ ಹೂವಿನ ಪೂಜೆ ಹೇಳಿಯಾಯಿತು. ಇವಳಿಗೆ ಮಾತ್ರ ಏನೂ ಹೇಳಿಲ್ಲ. ಮಾರ್ಕೆಟ್ಟಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಥ್ಯಾಂಕ್ಯೂ ಎನ್ನುವವನು. ಮನೆಯೊಳಗೆ ನಾಲಗೆ ಏಳುವುದಿಲ್ಲ.

ಭಾನುವಾರ, 7 ಆಗಸ್ಟ್, ಬೆಳಿಗ್ಗೆ 10
ಈಗಷ್ಟೇ ಅಡಿಗೆಮನೆಗೆ ಹೋಗಿದ್ದೆ. ಕಾಯಿ ಹೆರೆಯುತ್ತಿದ್ದಳು. ಬಾಗಿಲಲ್ಲೇ ನಿಂತೆ.
"ಎಂತ ಬೇಕು?"
"ಏನೂ ಬೇಡ."
"ಮತ್ತೆ ಎಂತಕ್ಕೆ ನಿಂತದ್ದು?"
"ನಿನ್ನನ್ನು ನೋಡ್ಲಿಕ್ಕೆ."
ಹೆರೆಯುವುದು ನಿಂತಿತು. ತಿರುಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಅರ್ಧ ಕಾಯಿ ಕೈಯಲ್ಲೇ ಹಿಡಿದು, "ಹಾಗಾದರೆ ಕಣ್ಣು ಬಿಟ್ಟು ನೋಡಿ ಮಾರಾಯ್ರೆ" ಎಂದಳು.