ಸುತ್ತಿಗೆ ಹಿಡಿದ ಕೈಯ ಹೆಬ್ಬೆರಳು

ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ,

ಮಾನ್ಯರೇ,

ನಿಮ್ಮ ಆಸ್ಪತ್ರೆಯ ಆರನೇ ಕೊಠಡಿಯಲ್ಲಿ ನನ್ನ ತಮ್ಮನ ಬಲಗೈ ಹೆಬ್ಬೆರಳಿನ ಕ್ಯಾನ್ಸರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಸುತ್ತಿಗೆ ಪೆಟ್ಟು ಎಂದು ಕರೆಯಲಾಯಿತು. ಈಗ ಆ ಬೆರಳು ಇಲ್ಲ. ತಮ್ಮ ಇನ್ನೂ ಇದ್ದಾನೆ. ಎಲ್ಲಿಯವರೆಗೆ ಎಂದು ಕೇಳಿದರೆ ಯಾರೂ ಬಾಯಿ ಬಿಡುತ್ತಿಲ್ಲ. ಇದನ್ನೆಲ್ಲ ನಿಮ್ಮ ಎದುರು ಕುಳಿತು ಒಮ್ಮೆ ಹೇಳಿದ್ದೇನೆ, ನೀವು ಕೇಳಿಸಿಕೊಳ್ಳಲಿಲ್ಲ. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ. ಈ ಪತ್ರದಲ್ಲಿ ಖುದ್ದು ನಿಮಗೆ ಸಂಬಂಧಪಟ್ಟ ಇನ್ನೊಂದು ವಿಷಯವೂ ಇದೆ. ಎಷ್ಟೇ ಸಿಟ್ಟು ಬಂದರೂ ದಯವಿಟ್ಟು ಕೊನೆಯವರೆಗೆ ಓದಿ.

ನಾನು ನ್ಯಾಯಾಲಯದ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು. "ತಮ್ಮ ಅಹವಾಲನ್ನು ಪರಿಶೀಲಿಸಲಾಗುತ್ತಿದೆ" ಎಂಬ ವಾಕ್ಯವನ್ನು ಎಷ್ಟು ಸಲ ಟೈಪ್ ಮಾಡಿದ್ದೇನೆಂದರೆ ನಿದ್ದೆಗಣ್ಣಲ್ಲೂ ನನ್ನ ಬೆರಳುಗಳು ಅದನ್ನು ಬಡಿದು ಮುಗಿಸುತ್ತವೆ. ಹಾವಿನ ಹೆಜ್ಜೆ ಹಾವೇ ಬಲ್ಲದು ಎನ್ನುತ್ತಾರಲ್ಲ, ಹಾಗೆ. ಆ ಉತ್ತರವನ್ನು ಕಳಿಸುವ ಶ್ರಮವನ್ನು ನೀವು ತೆಗೆದುಕೊಳ್ಳಬೇಡಿ.

ನನ್ನ ತಮ್ಮ ಬಡಗಿ. ಕುರ್ಚಿ, ಬಾಗಿಲು, ಕಪಾಟು ಮಾಡುವ ಕಾರ್ಖಾನೆಯಲ್ಲಿ ಹಿರಿಯ ಆಳು. ತಗಡಿನ ಮಾಡಿನ ಕೆಳಗೆ ದಿನವಿಡೀ ನಿಂತು ಕೆಲಸ ಮಾಡಿ, ಹುಬ್ಬಿನ ತುಂಬ ಮರದ ಹೊಟ್ಟು ಮೆತ್ತಿಕೊಂಡು ಮನೆಗೆ ಬರುವವನು. ಅವರಲ್ಲಿ ಒಂದು ರೂಢಿಯಿದೆ. ಸುತ್ತಿಗೆ ತಪ್ಪಿ ಬೆರಳಿಗೆ ಬಿದ್ದು ಉಗುರು ಕಪ್ಪಾದರೆ ಅದಕ್ಕೆ "ಮುದ್ರೆ ಬಿತ್ತು" ಎನ್ನುತ್ತಾರೆ. ಹೊಸಬನಿಗೆ ಮೊದಲ ಮುದ್ರೆ ಬಿದ್ದ ದಿನ ಉಳಿದವರೆಲ್ಲ ಕೆಲಸದ ಮೇಜನ್ನು ಕೊಡತಿಯಿಂದ ಬಡಿದು ಗದ್ದಲ ಎಬ್ಬಿಸುತ್ತಾರೆ, ಆ ದಿನ ಎಲ್ಲರ ಚಹಾದ ಖರ್ಚು ಅವನದು. ಉಗುರು ಕಪ್ಪಾಯಿತೆಂದು ಅಲ್ಲಿ ಯಾರೂ ಮುಖ ಸಣ್ಣ ಮಾಡುವುದಿಲ್ಲ. ತಮ್ಮನ ಹೆಬ್ಬೆರಳಿನ ಉಗುರಲ್ಲಿ ಕಪ್ಪು ಗೆರೆಯೊಂದು ಕಾಣಿಸಿದಾಗಲೂ ಮೇಜು ಬಡಿದರು.

"ಏನಪ್ಪಾ, ಈ ವಯಸ್ಸಲ್ಲಿ ಮತ್ತೆ ಮುದ್ರೆ ಹಾಕಿಸ್ಕೊಂಡ್ಯಾ? ಕಣ್ಣು ಮಂಜಾಯ್ತೇನೋ?" ಎಂದು ನಕ್ಕರು. ಅವನೂ ನಕ್ಕ. ಯಾವಾಗ ಪೆಟ್ಟು ಬಿತ್ತು ಎಂದು ಮನೆಯಲ್ಲಿ ಕೇಳಿದರೆ, "ಬಿಡಕ್ಕ, ದಿನಕ್ಕೆ ಎಷ್ಟೋ ಬೀಳತ್ತೆ, ಯಾವ್ದು ಅಂತ ನೆನಪಿಟ್ಕೊಳ್ಳಲಿ" ಎಂದ.

ಅವನ ಹೆಂಡತಿ ಬಿಡಲಿಲ್ಲ. ಗೆರೆ ಅಗಲವಾಗುತ್ತಿದೆ ಎಂದು ಅವಳಿಗೆ ಅನ್ನಿಸಿತ್ತು. ಅವಳ ಕಾಟ ತಾಳಲಾರದೆ ಅವನು ಹೊರಟ, ಜೊತೆಗೆ ನಾನೂ ಹೊರಟೆ. ಆರನೇ ಕೊಠಡಿಯನ್ನು ನೀವು ಇತ್ತೀಚೆಗೆ ನೋಡಿದ್ದೀರೋ ಇಲ್ಲವೋ, ಆದ್ದರಿಂದ ವರ್ಣಿಸುತ್ತೇನೆ. ಮೆಟ್ಟಿಲ ಕೆಳಗೆ, ಮುರಿದ ಮಂಚಗಳನ್ನು ಒಟ್ಟಿರುವ ಜಾಗದ ಪಕ್ಕದಲ್ಲಿ ಇದೆ. ಬಾಗಿಲ ಮೇಲೆ "ಉಗುರು ಮತ್ತು ಕೂದಲು" ಎಂಬ ಫಲಕ. ಒಳಗೆ ಕಣ್ಣು ಮಿಟುಕಿಸುವ ಒಂದೇ ಟ್ಯೂಬ್‌ಲೈಟು. ಮಚ್ಚೆ, ಉಗುರುಗಳನ್ನು ಹಿಗ್ಗಿಸಿ ತೋರಿಸುವ ದೀಪದ ಮಸೂರ ಇರುವುದು ಮೇಲಿನ ಮಹಡಿಯ ಚರ್ಮ ವಿಭಾಗದಲ್ಲಿ. ಹಿರಿಯ ವೈದ್ಯರಿರುವುದೂ ಅಲ್ಲೇ. ಉಗುರು ಮತ್ತು ಕೂದಲಿನ ದೂರುಗಳು ಅಂದಚಂದದ ವಿಷಯ, ಅವುಗಳಿಂದ ಮೇಲಿನ ಸರದಿ ಉದ್ದವಾಗುತ್ತದೆ ಎಂದು ನಿಮ್ಮ ಕಚೇರಿಯೇ ಅವನ್ನು ಮೆಟ್ಟಿಲ ಕೆಳಕ್ಕೆ ಇಳಿಸಿತಂತೆ. ಬಡಗಿಯೊಬ್ಬ ಉಗುರಿನ ಚಂದಕ್ಕಾಗಿ ಅರ್ಧ ದಿನದ ಕೂಲಿ ಬಿಟ್ಟು ಬೆಂಚಿನ ಮೇಲೆ ಕೂರುತ್ತಾನೆ ಎಂದು ನಂಬಲು ಎಂಥ ಕಲ್ಪನಾಶಕ್ತಿ ಬೇಕು, ಮಾನ್ಯರೇ!

ಒಳಗಿದ್ದ ಯುವ ವೈದ್ಯರು ತಲೆ ಎತ್ತದೆ ಕೇಳಿದರು, "ಏನ್ ಕೆಲ್ಸ ಮಾಡ್ತೀರಾ?"

"ಬಡಗಿ, ಸರ್."

"ಹಾಗಾದ್ರೆ ಕೇಳೋದೇ ಬೇಡ."

ಕೇಳಲೂ ಇಲ್ಲ. ಸುತ್ತಿಗೆ ಪೆಟ್ಟು ಎಂದು ಚೀಟಿಯಲ್ಲಿ ಬರೆದರು. ಕೆಲವು ತಿಂಗಳು ಕಳೆದವು. ಗೆರೆ ಪಟ್ಟಿಯಾಯಿತು, ಉಗುರು ತುದಿಯಲ್ಲಿ ಸೀಳಿತು. ಮತ್ತೆ ಹೋದೆವು. ಈಗ ಬೇರೆ ವೈದ್ಯರು. ಹಳೇ ಚೀಟಿ ನೋಡಿದರು, ಬೆರಳಿನತ್ತ ಕಣ್ಣು ಹಾಯಿಸಿದರು. ಪೆಟ್ಟು ಬಿದ್ದ ಉಗುರಿಗೆ ಹಸಿ ಮರ, ಗೋಂದಿನ ತೇವ ಸೇರಿ ಬೂಸ್ಟು ಹಿಡಿದಿದೆ ಎಂದು ಮುಲಾಮು ಕೊಟ್ಟರು. ಒಮ್ಮೆ ಪರೀಕ್ಷೆ ಮಾಡಿಸಬಹುದೇ ಎಂದು ನಾನು ಕೇಳಿದೆ. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಮ್ಮ?" ಎಂದು ನಕ್ಕರು. ಒಳ್ಳೆಯ ಹುಡುಗ, ನಗು ಚೆನ್ನಾಗಿತ್ತು. ಮೂರನೇ ಸಲ ಹೋಗುವ ಹೊತ್ತಿಗೆ ಕಪ್ಪು ಉಗುರಿನ ಬುಡ ದಾಟಿ ಚರ್ಮಕ್ಕೆ ಇಳಿದಿತ್ತು. ಆಗ ಇದ್ದವರು, "ಪಾಲಿಶ್ ಹಚ್ತೀರಲ್ವಾ? ಅದೇ ಬಣ್ಣ" ಎಂದರು. ಮನೆಗೆ ಬಂದು ಅವನ ಹೆಂಡತಿ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಆ ಬಣ್ಣವನ್ನು ಉಜ್ಜಿದಳು. ಬೆರಳು ಕೆಂಪಗಾಯಿತು, ಕಪ್ಪು ಕದಲಲಿಲ್ಲ. ಅವಳು ಬಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದಳು.

ನೀವೇ ಯೋಚಿಸಿ. ಮೊದಲು ಸುತ್ತಿಗೆ, ಆಮೇಲೆ ಗೋಂದು, ಕೊನೆಗೆ ಪಾಲಿಶು. ಅವನ ಕಸುಬನ್ನೇ ಮೂರು ಸಲ ಕಟಕಟೆಗೆ ನಿಲ್ಲಿಸಿ, ಮೂರು ಸಲವೂ ಅಪರಾಧಿ ಎಂದು ತೀರ್ಪಿತ್ತು, ನಿಜವಾದ ಕಳ್ಳನನ್ನು ಮನೆಗೆ ಕಳಿಸಿದಿರಿ. ಆ ಯುವ ವೈದ್ಯರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹಿಂದಿನವರು ಬರೆದದ್ದೇ ವೇದವಾಕ್ಯ ಎಂದುಕೊಂಡರು. ಮಸೂರವಿಲ್ಲ, ಹಿರಿಯರಿಲ್ಲ, ಬಾಗಿಲಾಚೆ ಜಾತ್ರೆಯಂಥ ಸರದಿ. ಕಪ್ಪು ಉಗುರು ತಂದವರಲ್ಲಿ ಹೆಚ್ಚಿನವರಿಗೆ ಪೆಟ್ಟೇ ಬಿದ್ದಿರುತ್ತದೆ ಎಂಬುದೂ ನಿಜ. ಆದರೆ ಈ ರೋಗ ಬರುವುದೇ ಬೇರೆಯವರ ವೇಷ ಹಾಕಿಕೊಂಡು. ಒಬ್ಬರಲ್ಲಿ ಪೆಟ್ಟಿನ ವೇಷ, ಇನ್ನೊಬ್ಬರಲ್ಲಿ ಬೂಸ್ಟಿನ ವೇಷ, ಮತ್ತೊಬ್ಬರಲ್ಲಿ ಬಣ್ಣವೇ ಇಲ್ಲದ, ಒಣಗದ ಹುಣ್ಣಿನ ವೇಷ. ಅದನ್ನು ಗುರುತಿಸಬೇಕಾದ ಕೆಲಸವನ್ನು ನೀವು ಮೆಟ್ಟಿಲ ಕೆಳಗೆ ಇಟ್ಟಿದ್ದೀರಿ.

ಕೊನೆಗೆ ಬಸ್ಸು ಹಿಡಿದು ಇನ್ನೊಂದು ಊರಿನ ಆಸ್ಪತ್ರೆಗೆ ಹೋದೆವು. ಅಲ್ಲಿಯ ವೈದ್ಯೆ ಚೀಟಿಗಳನ್ನು ಓದಿ ಪಕ್ಕಕ್ಕಿಟ್ಟರು. ಪೆನ್ನೊಂದನ್ನು ನನ್ನ ತಮ್ಮನ ಮುಂದೆ ಹಿಡಿದು, "ಇದು ಸುತ್ತಿಗೆ ಅಂದ್ಕೊಳ್ಳಿ. ಒಂದು ಮೊಳೆ ಹೊಡೆದು ತೋರಿಸಿ" ಎಂದರು. ಅವನು ನಾಚಿಕೊಂಡು ಪೆನ್ನನ್ನು ಬಲಗೈಯಲ್ಲಿ ಹಿಡಿದ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಲ್ಲದ ಮೊಳೆಯನ್ನು ನಿಲ್ಲಿಸಿದ. ಎರಡು ಸಲ ಬಡಿದ. ವೈದ್ಯೆ ಪೆನ್ನನ್ನು ಸುತ್ತಿಕೊಂಡಿದ್ದ ಅವನ ಬಲಗೈ ಹೆಬ್ಬೆರಳನ್ನು ಮುಟ್ಟಿದರು.

"ಸುತ್ತಿಗೆ ಹಿಡಿದಿರೋ ಕೈಗೆ ಸುತ್ತಿಗೆ ಹೇಗ್ರೀ ಬಿತ್ತು?"

ತಮ್ಮ ನಕ್ಕ. "ಹೌದಲ್ಲಾ ಮೇಡಂ" ಎಂದ. ಆಮೇಲೆ ಅವನ ನಗು ಹೋಯಿತು. ತನ್ನ ಕೈಯನ್ನು ಯಾರದೋ ಕೈ ಎಂಬಂತೆ ನೋಡುತ್ತ ಕೂತ. ಜೀವಮಾನವಿಡೀ ಸುತ್ತಿಗೆ ಹಿಡಿದವನು, ಮೇಜು ಬಡಿದ ಅವನ ಜೊತೆಗಾರರು, ಪಕ್ಕದಲ್ಲೇ ಇದ್ದ ನಾನು, ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಒಪ್ಪುತ್ತೇನೆ. ಆದರೆ ಕೇಳುವುದಕ್ಕೆಂದೇ ನಮಗೆ ಯಾರೂ ಸಂಬಳ ಕೊಡುತ್ತಿರಲಿಲ್ಲವಲ್ಲ.

ಆ ವೈದ್ಯೆ ಇನ್ನೊಂದು ಮಾತು ಹೇಳಿದರು. "ಪೆಟ್ಟಿನ ರಕ್ತ ಆದ್ರೆ ಉಗುರಿನ ಜೊತೇಲೇ ಮುಂದೆ ಹೋಗತ್ತೆ. ಬುಡದಲ್ಲಿ ಹೊಸ ಉಗುರು ಶುಭ್ರವಾಗಿ ಬರ್ಬೇಕು. ವರ್ಷ ಆದ್ಮೇಲೂ ಬುಡದಿಂದ ತುದಿವರೆಗೆ ಗೆರೆ ಹಾಗೇ ಇದೆ ಅಂದ್ರೆ ಅದು ಪೆಟ್ಟಲ್ಲ." ಇದನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ. ಬುಡದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉಗುರಲ್ಲಿ ಹೋಗಬಹುದಾಗಿದ್ದದ್ದಕ್ಕೆ ಆಮೇಲೆ ಕೊಡಲಿಯೇ ಬಂತು. ಹೆಬ್ಬೆರಳನ್ನು ಗೆಣ್ಣಿನವರೆಗೆ ತೆಗೆದರು. ಈಗ ಕಂಕುಳಲ್ಲಿ ಒಂದು ಗಂಟು ಇದೆ. ಅದೂ ಪರೀಕ್ಷೆಗೆ ಹೋಗಿದೆ. ಫೋನು ಬಡಿದುಕೊಂಡರೆ ಮನೆಯಲ್ಲಿ ಯಾರೂ ಮೊದಲು ಎದ್ದು ಹೋಗುವುದಿಲ್ಲ.

ಇಷ್ಟನ್ನೂ ನಿಮ್ಮ ಕಚೇರಿಗೆ ಬಂದು ಹೇಳಿದೆ. ನೀವು ಸಭ್ಯರು, ಕೂರಲು ಕುರ್ಚಿ ಕೊಟ್ಟಿರಿ. ಆಮೇಲೆ ಬಲಗೈ ತೋರುಬೆರಳನ್ನು ನನ್ನತ್ತ ಆಡಿಸುತ್ತ, "ನೋಡಿ ತಾಯಿ, ಇದು ಬಹಳ ಅಪರೂಪದ ಕಾಯಿಲೆ. ಅಪರೂಪದ್ದಕ್ಕೆಲ್ಲ ವ್ಯವಸ್ಥೆ ಬದಲಾಯಿಸೋಕಾಗತ್ತಾ?" ಎಂದಿರಿ. ಅಪರೂಪ ಎಂಬುದು ಊರಿನ ಲೆಕ್ಕ, ಬಂದವನಿಗೆ ಪೂರ್ತಿ ಬಂದಿರುತ್ತದೆ ಎಂದು ನಾನು ಹೇಳಹೊರಟಿದ್ದೆ. ಅಷ್ಟರಲ್ಲಿ ನೀವು ಆಡಿಸುತ್ತಿದ್ದ ಬೆರಳಿನ ಮೇಲೆ ನನ್ನ ಕಣ್ಣು ನಿಂತಿತು. ನಾನು ನೋಡುತ್ತಿರುವುದನ್ನು ಕಂಡು ನೀವೇ ಕೈ ಚಾಚಿ ತೋರಿಸಿದಿರಿ.

"ಇಗೋ, ನನಗೂ ಇದೆ! ಕಾರಿನ ಬಾಗಿಲಿಗೆ ಸಿಕ್ಕಿದ್ದು. ನಾನೇನು ಸತ್ತೋದ್ನಾ?"

ಯಾವಾಗ ಸಿಕ್ಕಿತು ಎಂದು ಕೇಳಿದೆ. "ಹೋದ ವರ್ಷವೋ ಏನೋ, ಯಾರಿಗೆ ನೆನಪು" ಎಂದಿರಿ. ಬಾಗಿಲಲ್ಲಿದ್ದ ಜವಾನರು ನಕ್ಕರು. ನನಗೆ ಕಾರ್ಖಾನೆಯ ಮೇಜಿನ ಬಡಿತ ಕೇಳಿಸಿತು.

ನಾನು ವೈದ್ಯಳಲ್ಲ. ಆ ಗೆರೆ ಏನೂ ಅಲ್ಲದಿರಬಹುದು, ಅಲ್ಲದಿರಲಿ ಎಂದೇ ಬೇಡಿಕೊಳ್ಳುತ್ತೇನೆ. ಆದರೆ ಅದು ಬುಡದಿಂದ ತುದಿಯವರೆಗೆ ನೇರವಾಗಿ ಇತ್ತು, ಮಾನ್ಯರೇ. ಬುಡದಲ್ಲಿ ಶುಭ್ರವಾದ ಉಗುರು ನನಗೆ ಕಾಣಲಿಲ್ಲ. ಅಲ್ಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದಾಗ ನೀವು ಗಂಟೆ ಒತ್ತಿ ಮುಂದಿನವರನ್ನು ಕರೆದಿರಿ. ಮನೆಗೆ ಬಂದವಳು, ಇನ್ನೊಬ್ಬರ ದೇಹದ ವಿಷಯ ಬೀದಿಗೆ ಬರಬಾರದೆಂದು, ಒಂದು ಲಕೋಟೆಯ ಮೇಲೆ "ಖಾಸಗಿ" ಎಂದು ಬರೆದು ನಿಮಗೆ ಕಳಿಸಿದೆ. ನಿಮ್ಮ ಬೆರಳನ್ನು ತಕ್ಷಣ ತೋರಿಸಿಕೊಳ್ಳಿ ಎಂದು ಬರೆದಿದ್ದೆ. ನಿಮ್ಮ ಕಚೇರಿಯಿಂದ ಉತ್ತರ ಬಂತು: "ಸದರಿ ಉಗುರಿನ ದೂರನ್ನು ಸೂಕ್ತ ಕ್ರಮಕ್ಕಾಗಿ ಕೊಠಡಿ ಸಂಖ್ಯೆ ಆರಕ್ಕೆ ವರ್ಗಾಯಿಸಲಾಗಿದೆ."

ಓದಿ ನಾನು ನಕ್ಕೆ. ಆ ಇನ್ನೊಂದು ಊರಿನ ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದ ನನ್ನ ತಮ್ಮ ಇನ್ನೂ ಜೋರಾಗಿ ನಕ್ಕ. ಆಮೇಲೆ ಅವನೇ ಹೇಳಿದ, "ಅಕ್ಕ, ನಗೋ ವಿಷಯ ಅಲ್ಲ ಇದು. ಅವರ ಕೈಗೆ ಸಿಕ್ಕೋ ಹಾಗೆ ಬರಿ. ಪಾಪ, ಅವರ ಮನೇಲೂ ಜನ ಇರ್ತಾರೆ." ಹಾಗಾಗಿ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮ್ಮ ಮೇಜಿಗೆ ತಲುಪಲು ಇದೊಂದೇ ದಾರಿ ಉಳಿದಿದೆ.

ನನ್ನ ಬೇಡಿಕೆ ಎರಡೇ. ಆರನೇ ಕೊಠಡಿಯನ್ನು ಮೆಟ್ಟಿಲ ಕೆಳಗಿನಿಂದ ಎತ್ತಿ ಚರ್ಮ ವಿಭಾಗದೊಳಗೆ ಸೇರಿಸಿ. ಕಪ್ಪು ಉಗುರು ಹಿಡಿದು ಎರಡನೇ ಸಲ ಬಂದವರನ್ನು ಹಿರಿಯ ವೈದ್ಯರು ಮಸೂರ ಹಿಡಿದು ನೋಡಲಿ, ಅನುಮಾನವಿದ್ದರೆ ಬುಡದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಲಿ. ಆ ಬೆಂಚು ಖಾಲಿಯಾಗಿಲ್ಲ. ಮೊನ್ನೆ ಹಾದುಹೋಗುವಾಗ ಇಣುಕಿದೆ. ಮೀನು ಕತ್ತರಿಸುವ ಹೆಂಗಸೊಬ್ಬರು ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಏನಾಯಿತು ಎಂದರೆ, "ಮೀನಿನ ಮುಳ್ಳು ಚುಚ್ಚಿರ್ಬೇಕು ಅಂದ್ರು, ಇದು ಮೂರನೇ ಸಲ ಬರ್ತಿರೋದು" ಎಂದರು.

ಎರಡನೆಯದು ನಿಮ್ಮ ಬೆರಳು. ನಾಳೆಯೇ ಹೊರಡಿ. ನಿಮ್ಮ ಆಸ್ಪತ್ರೆಗೆ ಬೇಡ, ನಾವು ಹೋದಲ್ಲಿಗೆ ಹೋಗಿ, ವಿಳಾಸ ಈ ಪತ್ರಿಕೆಯವರ ಬಳಿ ಕೊಟ್ಟಿದ್ದೇನೆ. ಎಲ್ಲರ ಜೊತೆ ಬೆಂಚಿನ ಮೇಲೆ ಕೂತು ಸರದಿ ಕಾಯಿರಿ. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಹೇಳಬೇಡಿ, ಕಾರಿನ ಬಾಗಿಲಿನ ಸುದ್ದಿಯನ್ನೂ ಎತ್ತಬೇಡಿ. ಸುಮ್ಮನೆ ಕೈ ಮುಂದೆ ಚಾಚಿ. ಮೊದಲು ಅವರು ಬೆರಳು ನೋಡಲಿ.

ಇಂತಿ,
ಎಡಗೈಯಲ್ಲಿ ಸುತ್ತಿಗೆ ಹಿಡಿಯಲು ಕಲಿಯುತ್ತಿರುವ ಬಡಗಿಯೊಬ್ಬನ ಅಕ್ಕ,
ಫೋನಿನ ಪಕ್ಕದಲ್ಲೇ ಕುಳಿತು ಬರೆದದ್ದು