ಇಪ್ಪತ್ತೈದನೇ ಹೆಸರು

ಏಪ್ರಿಲ್ 24, ಬೆಳಿಗ್ಗೆ 11

ಹಿಮದಲ್ಲಿ ಗುಂಡಿ ತೋಡಿದ್ದಾಯ್ತು. ಮೇಲೆ ಗಟ್ಟಿ ಹೆಪ್ಪು. ಬೂಟು ಊರಿದರೆ ಕುಸಿಯಲ್ಲ. ರಾತ್ರಿ ಮೈನಸ್ ಆರು. ಹಿಮಕುಸಿತದ ಎಚ್ಚರಿಕೆ ಕೊಡೋ ಕಚೇರಿಗೆ ಫೋನಲ್ಲಿ ವರದಿ ಕಳಿಸಿದೆ — ಬಿಸಿಲೇರೋದ್ರೊಳಗೆ ಇಳಿದುಬಿಟ್ಟರೆ ಭಯವಿಲ್ಲ. ಹನ್ನೆರಡು ವರ್ಷದಿಂದ ಇದೇ ಕೆಲಸ. ಸೊಂಟ ಮಾತ್ರ ಬಿದ್ದುಹೋಯ್ತು.

ನನ್ನ ಗಂಡ ಐಲರ್ಟ್ ಗುಡ್ಡ ಹತ್ತಿ ಬಂದ. ತುದಿಯ ಡಬ್ಬಿಯಲ್ಲಿರೋ ಪುಸ್ತಕದಲ್ಲಿ ಈ ವರ್ಷ ಇಪ್ಪತ್ತೆರಡನೇ ಸಲ ಹೆಸರು ಬರೆದನಂತೆ. ಏಪ್ರಿಲ್ ಮೂವತ್ತರೊಳಗೆ ಇಪ್ಪತ್ತೈದಾದರೆ ಊರ ಕ್ಲಬ್ಬಿನವರು ಕಪ್ ಕೊಡ್ತಾರೆ. ಕಾಫಿ ಕುಡಿಯೋ ಕಪ್! ಅರವತ್ಮೂರು ವಯಸ್ಸಾಯ್ತು ಗಂಡಸಿಗೆ. ಪಕ್ಕದ ಮನೆ ಹಿಲ್ಮಾರ್ ಮೊನ್ನೆಯೇ ಗೆದ್ದ. ಅದೇ ಹೊಟ್ಟೆಯುರಿ.

ಏಪ್ರಿಲ್ 26

ಐಲರ್ಟ್ ಲೆಕ್ಕ ಇಪ್ಪತ್ನಾಲ್ಕಾಯ್ತು. ಬೇಲಿ ಹತ್ರ ಹಿಲ್ಮಾರ್ ಕೆಣಕಿದ, "ಏನೋ ಐಲರ್ಟ್, ಇನ್ನೂ ಲೋಟದಲ್ಲೇ ಕುಡೀತಿದೀಯಾ?"

"ನಿನ್ನ ಕಪ್‌ನಲ್ಲಿ ಹೆಂಡ್ತಿ ಹಲ್ಲುಸೆಟ್ಟು ನೆನೆಹಾಕ್ತಾಳಂತಲ್ಲೋ!"

ನಕ್ಕು ನಕ್ಕು ಸಾಕಾಯ್ತು.

ಸಂಜೆಯಿಂದ ಮೋಡ. ರಾತ್ರಿ ಮೋಡ ಮುಚ್ಚಿದರೆ ಹಿಮ ಹೆಪ್ಪುಗಟ್ಟಲ್ಲ. ನನಗಿದು ಇಷ್ಟವಾಗ್ತಿಲ್ಲ.

ಏಪ್ರಿಲ್ 29, ಮಧ್ಯಾಹ್ನ

ಮೂರು ರಾತ್ರಿಯಿಂದ ಹೆಪ್ಪಿಲ್ಲ. ಸಮುದ್ರದ ಕಡೆಯಿಂದ ಬೆಚ್ಚನೆ ಗಾಳಿ, ಮಳೆ. ಗುಂಡಿ ತೋಡೋಕೆ ಹೋದರೆ ಮೊಣಕಾಲವರೆಗೆ ಹೂತುಹೋದೆ. ಹಿಮ ಹಿಂಡಿದರೆ ಕೈಗೆ ನೀರು. ವರದಿಯಲ್ಲಿ ಅಪಾಯದ ಕೆಂಪು ಗುರುತು ಹಾಕಿದೆ.

ಹನ್ನೊಂದಕ್ಕೆ ಕಪಾಟಿನ ಲೋಟಗಳು ಗಲಗಲ ಅಂದವು. ಯಾವಾಗಲೂ ಹಾಗೇ — ಮೊದಲು ಲೋಟ, ಆಮೇಲೆ ಸದ್ದು. ಆಚೆ ಗುಡ್ಡದ ಹಿಮ ಜಾರಿತ್ತು. ಸದ್ಯ, ಅಲ್ಲಿ ಯಾರೂ ಇರ್ಲಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. "ಈ ವರ್ಷ ಕಪ್ ಆಸೆ ಬಿಡು. ಬೇಕಾದ್ರೆ ಹಿಮ ಗಟ್ಟಿಯಾದ ಮೇಲೆ ನಾನೇ ಹತ್ತಿ, ಮೂವತ್ತನೇ ತಾರೀಕು ಹಾಕಿ ನಿನ್ನ ಹೆಸರು ಬರೆದು ಬರ್ತೀನಿ."

ಮೀನಿನ ತಟ್ಟೆ ಸರಿಸಿಬಿಟ್ಟ. "ಏನೇ ಆಸ್ಲೌಗ್, ಬುದ್ಧಿ ನೆಟ್ಟಗಿದೆಯಾ? ಗುಡ್ಡದ ಪುಸ್ತಕದಲ್ಲಿ ಸುಳ್ಳು ಬರೆಯೋದಾ? ನಮ್ಮಪ್ಪ ಇದ್ದಿದ್ರೆ ಮನೆಯಿಂದ ಆಚೆ ಹಾಕ್ತಿದ್ದ."

ಸುಳ್ಳಿಗೆ ಹೆದರ್ತಾನೆ, ಹಿಮಕ್ಕೆ ಹೆದರಲ್ಲ. ಇಂಥವನ ಜೊತೆ ಮೂವತ್ತೆಂಟು ವರ್ಷ.

ಏಪ್ರಿಲ್ 30, ಬೆಳಿಗ್ಗೆ 5

ಆಕಾಶ ತೊಳೆದಿಟ್ಟ ಹಾಗಿದೆ. ತೆಳ್ಳಗೆ ಹೆಪ್ಪು ಬಂದಿದೆ. ಕೊನೆಗೂ ನಾನೇ ಸೋತೆ. "ಈಗಲೇ ಹೊರಡು. ಗುಡ್ಡದ ಬೆನ್ನಿನ ಮೇಲೇ ಹತ್ತು, ಅದರ ಮೇಲೇ ಇಳಿ. ಕಮರಿಗೆ ಕಾಲಿಡ್ಬೇಡ, ಹಿಮ ಜಾರೋದು ಅಲ್ಲೇ. ಒಂಬತ್ತಕ್ಕೆ ಮನೇಲಿರ್ಬೇಕು."

"ಅಪ್ಪಣೆ, ಮಹಾತಾಯಿ."

9 ಗಂಟೆ

ಹೊರಡಲೇ ಇಲ್ಲ! ಕೊಟ್ಟಿಗೆಯಲ್ಲಿ ಕುರಿಗೆ ಹೆರಿಗೆ ನೋವು, ಮರಿ ಅಡ್ಡ ತಿರುಗಿತ್ತು. ಮೊಣಕೈವರೆಗೆ ರಕ್ತ ಮಾಡ್ಕೊಂಡು ಕೂತಿದಾನೆ. ಎರಡು ಮರಿ, ಎರಡೂ ಬದುಕಿದವು. ಬಿಸಿಲೇರಿತು. ಇನ್ನು ಹೋಗೋ ಹಾಗಿಲ್ಲ. ಪಾಪ ಅನ್ನಿಸ್ತು. ನಿರಾಳವೂ ಆಯ್ತು.

ಸಂಜೆ 6.20

ಅಂಗಡಿಯಿಂದ ಬಂದರೆ ಕೊಟ್ಟಿಗೆ ಬಾಗಿಲು ತೆರೆದಿದೆ. ಇವನಿಲ್ಲ. ಸ್ಕೀ ಇಲ್ಲ. ಹಿಮದಡಿ ಸಿಕ್ಕವರನ್ನ ಹುಡುಕೋ ಬೀಕನ್ ಮಾತ್ರ ಇಲ್ಲೇ ಮೊಳೆಗೆ ನೇತಾಡ್ತಿದೆ.

ಹಾಳು ಬೆಳಕು! ಚಳಿಗಾಲವಿಡೀ ಕತ್ತಲಲ್ಲಿ ಕೂತ ನಮ್ಮ ಜನಕ್ಕೆ ಏಪ್ರಿಲ್ ಬಂದರೆ ತಲೆ ತಿರುಗುತ್ತೆ. ರಾತ್ರಿ ಒಂಬತ್ತರವರೆಗೆ ಸೂರ್ಯ ಇದ್ದರೆ, ಒಂಬತ್ತರವರೆಗೂ ಹೊತ್ತಿದೆ ಅಂದ್ಕೊಳ್ತಾರೆ. ಅಷ್ಟೂ ಹೊತ್ತು ಹಿಮ ಬಿಸಿಲಲ್ಲಿ ಬೇಯ್ತಿರುತ್ತೆ.

6.50

ಫೋಟೊ ಬಂತು. ಪುಸ್ತಕದಲ್ಲಿ ಹೆಸರು, ಪಕ್ಕದಲ್ಲಿ 25. ತಕ್ಷಣ ಫೋನ್ ಮಾಡಿದೆ.

"ಕಪ್ ಬಂತು ಕಣೇ! ಕಾಫಿಗಿಡು."

"ಬೆನ್ನಿನ ಮೇಲೇ ಇಳಿ. ನಿನ್ನ ದಮ್ಮಯ್ಯ."

"ಅದು ಒಂದು ಗಂಟೆ ದಾರಿ. ಮರಿಗಳಿಗೆ ಬಾಟ್ಲಿ ಹಾಲು ಕೊಡ್ಬೇಕು. ಕಮರೀಲಾದ್ರೆ ಹತ್ತು ನಿಮಿಷ."

"ಹಾಲು ನಾನು ಕೊಡ್ತೀನಿ, ನೀನು..." ಸಿಗ್ನಲ್ ಹೋಯ್ತು.

7.05

ದುರ್ಬೀನು ಕಿಟಕಿ ಹತ್ರ ಇಟ್ಕೊಂಡಿದೀನಿ. ನಾನು ಕೂಗಿದ್ದಕ್ಕೆ ಹಿಲ್ಮಾರ್ ಸಲಿಕೆ ಹಿಡಿದು ರಸ್ತೇಲಿ ನಿಂತಿದಾನೆ. ಕೈ ಸುಮ್ಮನಿರಲ್ಲ, ಅದಕ್ಕೇ ಬರೀತಿದೀನಿ.

ಕೆಂಪು ಜಾಕೆಟ್ ಕಾಣ್ತಿದೆ. ದೊಡ್ಡ ಬಂಡೆ ಹತ್ರ ಬಂದ. ಅಲ್ಲಿಂದ ಎಡಕ್ಕೆ ಬೆನ್ನು, ಬಲಕ್ಕೆ ಕಮರಿ. ಬಂಡೆ ಹಿಂದೆ ಹೋದ. ಎಡಕ್ಕೆ ಬಾ. ಎಡಕ್ಕೆ ಬಾ ಮಾರಾಯ, ಬೈಯಲ್ಲ, ಒಂದು ಮಾತೂ ಬೈಯಲ್ಲ...

ಕಾಣಿಸಿದ. ಬಲಕ್ಕೆ.

ಹತ್ತು ನಿಮಿಷ ಅಂದಿದ್ದ. ಎರಡಾಯ್ತು. ಮೂರು. ಅರ್ಧ ಕಮರಿ ದಾಟಿದ. ಸ್ಕೀ ಚೆನ್ನಾಗೇ ಮಾಡ್ತಾನೆ, ಮೊದಲಿಂದಲೂ. ಕಾಫಿಗಿಡ್ಬೇಕು ನಾನು. ಕಪಾಟಿನಲ್ಲಿ ಲೋಟಗಳು ಗಲಗಲ—