ಮೂರನೇ ಚೌಕಟ್ಟಿನ ಸಹಿ

ಜೂನ್ 9, ಶನಿವಾರ. ಬೆಳಿಗ್ಗೆ

ಶೆಡ್ಡು. ಗಾಳಿಯಿಲ್ಲ. ವಿಮಾನದ ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ, ಬಾಲದ ರಡ್ಡರ್‌ನ ಎಡ ಪೆಡಲ್ ಇನ್ನೂ ಬಿಗಿ. ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದೆ: ಬಲಕ್ಕೆ ಎರಡು ಕಿಲೋ, ಎಡಕ್ಕೆ ನಾಲ್ಕೂವರೆ. ಮೂರು ಸಲವೂ ಅದೇ.

ಅಣ್ಣ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ಹಾರುತ್ತಿದ್ದನೇನೋ.

"ಏನೇ ಮಿಲಿಮೀಟರು, ಸಿಕ್ತಾ ದೆವ್ವ?"

"ಇಲ್ಲ."

"ಇಪ್ಪತ್ನಾಲ್ಕಕ್ಕೆ ಹಾರೋದೇ. ಬೇಕಾದ್ರೆ ದೆವ್ವಾನೂ ಪಕ್ಕ ಕೂರಿಸ್ಕೋತೀನಿ."

ಈ ತಿಂಗಳ ಮೂವತ್ತಕ್ಕೆ ಅವನ ಪೈಲಟ್ ಮೆಡಿಕಲ್ ಸರ್ಟಿಫಿಕೇಟಿನ ಅವಧಿ ಮುಗಿಯುತ್ತದೆ, ಅದಿಲ್ಲದೆ ಹಾರುವಂತಿಲ್ಲ. ಇನ್ನೊಂದು ಕೊಡುವುದಿಲ್ಲವೆಂದು ಕಣ್ಣಿನ ಡಾಕ್ಟರು ಹೇಳಿಯಾಗಿದೆ. ಒಂಬತ್ತು ವರ್ಷ ಇಬ್ಬರೇ ಕಟ್ಟಿದ ವಿಮಾನ...

ಜೂನ್ 10

ಪೆಡಲಿನಿಂದ ರಡ್ಡರಿಗೆ ಹೋಗುವ ಕೇಬಲ್ ಬಿಚ್ಚಿದೆ. ರಡ್ಡರ್ ಒಂದೇ ಬೆರಳಿಗೆ ತಿರುಗಿತು. ಅಂದರೆ ತೊಂದರೆ ಕೇಬಲ್ ಹೋಗುವ ದಾರಿಯಲ್ಲಿ. ರಾಟೆಗೆ ಎಣ್ಣೆ ಬಿಟ್ಟೆ. ಎಡಕ್ಕೆ ನಾಲ್ಕೂಕಾಲು ಕಿಲೋ. ಮನಸ್ಸಿಗೆ ಸಮಾಧಾನ ಅಷ್ಟೇ.

ಮಧ್ಯಾಹ್ನ ರೆಕ್ಕೆಯ ಕೆಳಗೇ ಓದುತ್ತಾ ನಿದ್ದೆ. ಅನುವಾದದ ಕಾದಂಬರಿ, ಅರವತ್ತು ಪುಟದಿಂದ ಹಿಮ ಬೀಳುತ್ತಲೇ ಇದೆ. ಕನಸಿನಲ್ಲಿ ವಿಮಾನದ ಬಾಲದೊಳಗೆ ನಡೆಯುತ್ತಿದ್ದೆ. ಬಟ್ಟೆಯ ಗೋಡೆ, ಹಾಲಿನಂಥ ಬೆಳಕು, ಒಂದರ ಹಿಂದೊಂದು ಚೌಕಟ್ಟು, ಬಾಗಿಲುಗಳ ಹಾಗೆ. ಒಂದರಲ್ಲಿ ತೋಳು ಸಿಕ್ಕಿಕೊಂಡಿತು. ಎಚ್ಚರ.

ಜೂನ್ 19. ಸಂಜೆ 4

ರಾಟೆ ಬದಲಿಸಿದ್ದಾಯಿತು. ವ್ಯರ್ಥ. ಇವತ್ತು ಕೇಬಲ್ ಪೂರ್ತಿ ಹೊರಗೆಳೆದು ಹಳೇ ಹತ್ತಿಬಟ್ಟೆಯಲ್ಲಿ ಸವರಿದೆ. ಒಂದು ಕಡೆ ನೂಲು ಕಚ್ಚಿತು. ಕೇಬಲಿನ ಎರಡು ಎಳೆ ತುಂಡಾಗಿವೆ. ಅಳೆದೆ — ಸರಿಯಾಗಿ ಬಾಲದ ಮೂರನೇ ಚೌಕಟ್ಟು. ಕೇಬಲ್ ಹಾಯಲೆಂದು ಅಲ್ಲಿ ಕೊರೆದ ತೂತಿನ ಅಂಚು ಅದನ್ನು ತಿನ್ನುತ್ತಿದೆ.

"ಹೊಸ ಕೇಬಲ್ ಹಾಕೇ," ಅಂದ ಅಣ್ಣ. "ಒಂದು ಸಲಕ್ಕೆ ಏನಾಗತ್ತೆ?"

"ಇಳಿಯುವಾಗ ಅಡ್ಡಗಾಳಿ ಬಂದ್ರೆ?"

"ಬಂದ್ರೆ ಜೋರಾಗಿ ಒದೀತೀನಿ. ಎಡಗಾಲಿಗೆ ಕನ್ನಡಕ ಬೇಕಿಲ್ವಲ್ಲ."

ನಕ್ಕೆವು. ಅವನು ಮೊದಲು ನಿಲ್ಲಿಸಿದ.

ಜೂನ್ 20

ಬಾಲದ ಕಿಂಡಿಯಿಂದ ಕನ್ನಡಿ, ಟಾರ್ಚು ಒಳಗಿಟ್ಟು ನೋಡಿದೆ. ತೂತು ಇರಬೇಕಾದ ಜಾಗಕ್ಕಿಂತ ಒಂದು ಬೆರಳಗಲ ಒಳಗೆ ಬಿದ್ದಿದೆ. ಪಕ್ಕದಲ್ಲಿ ಪೆನ್ಸಿಲ್ ಬರಹ, ಕನ್ನಡಿಯಲ್ಲಿ ತಿರುವುಮುರುವು. ಯಾವುದೋ ಗೊತ್ತಿಲ್ಲದ ಭಾಷೆ ಅನ್ನಿಸಿತು, ಒಂದು ಕ್ಷಣ ಚೆಂದವೂ. ನನ್ನದೇ ಸಹಿ.

ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು, ಆಮೇಲೇ ವಿಮಾನಕ್ಕೆ ಬಟ್ಟೆ ಹೊದಿಸಬೇಕು — ನಮ್ಮ ಪದ್ಧತಿ. ಆ ನಿಯಮ ನಾನೇ ಮಾಡಿದ್ದು. ಬಾಲದೊಳಗೆ ತೆವಳುವುದು ಬೇಸರವೆಂದು ಐದೂ ಚೌಕಟ್ಟಿಗೆ ಮೇಜಿನ ಮೇಲೇ ಸಹಿ ಹಾಕಿಟ್ಟಿದ್ದೆ, ತೂತು ಕೊರೆಯುವ ಮುಂಚೆಯೇ. ಸಹಿ ಕಂಡ ಅಣ್ಣ, ತೂತಿಗೆಂದು ತಾನು ಹಾಕಿದ ಗುರುತನ್ನು ನಾನು ಅಳೆದು ನೋಡಿದ್ದೇನೆಂದುಕೊಂಡು ಕೊರೆದ. ಅವನು ಕೊರೆದನಲ್ಲ ಎಂದು ನಾನು ನೋಡಲೇ ಇಲ್ಲ.

ಜೂನ್ 21. ಮಧ್ಯಾಹ್ನ

ಬಟ್ಟೆ ಕತ್ತರಿಸಿ, ಚೌಕಟ್ಟಿಗೆ ತೇಪೆ ಹಾಕಿ, ಹೊಸ ತೂತು ಕೊರೆದು, ಮತ್ತೆ ಬಟ್ಟೆ ಹೊದಿಸಿ, ಬಣ್ಣ ಒಣಗಿ — ಮೂರು ವಾರ. ಹೇಗೆ ಎಣಿಸಿದರೂ ಮೂವತ್ತು ದಾಟುತ್ತದೆ.

ಬಿಸಿಲು ಬಾಲದ ಬಟ್ಟೆಯಲ್ಲಿ ಹಾದು ಬರುತ್ತಿದೆ. ಒಳಗೆ ಯಾರೋ ದೀಪ ಹಿಡಿದು ನಿಂತ ಹಾಗೆ.

ನಾಳೆ ಏಳಕ್ಕೆ ಬರುತ್ತಾನೆ. ಕನ್ನಡಿ ಅವನ ಕೈಗೆ ಕೊಡುವುದು. ಓದಲಾಗದಿದ್ದರೆ ನಾನೇ ಓದಿ ಹೇಳುವುದು. ಆಮೇಲೆ ಅವನೆದುರಿಗೇ ಕತ್ತರಿಸುವುದು. ಹೊಸ ಬ್ಲೇಡ್ ತೆಗೆದಿಟ್ಟಿದ್ದೇನೆ. ಬಟ್ಟೆಯ ಮೇಲೆ ಗೆರೆ ಎಳೆದಿದ್ದೇನೆ, ಒಂದು ಗೇಣು ಉದ್ದ. ಸಹಿ ಹಾಕಿಲ್ಲ. ಅದು ಈ ಸಲ ಅವನು ನೋಡಿ ಹಾಕಬೇಕಾದ್ದು.